ಚಿತ್ರದ ಕಣ್ಣಿಗೆ ಕಂಡ ಕಾಡು: ಬೀಚ್ ವನ, ಕಾಫಿ ತೋಟ ಮತ್ತು ಮಲೆನಾಡಿನ ಶೋಲಾ

ಕಾಡಿನ ಚಿತ್ರವೊಂದನ್ನು ಕಂಡು ‘ಎಷ್ಟು ಸುಂದರವಾದ ಕಾಡು!’ ಎಂದು ನಾವು ಉದ್ಗರಿಸುವಾಗ ಎರಡು ಬೇರೆ ಬೇರೆ ತೀರ್ಪುಗಳನ್ನು ಒಂದಾಗಿ ಬೆರೆಸಿರುತ್ತೇವೆ. ಚಿತ್ರವು ಚೆಲುವಾಗಿದೆ ಎಂಬುದು ಒಂದು. ಚಿತ್ರಿತವಾದ ಕಾಡು ಉತ್ತಮವಾದುದು ಎಂಬುದು ಮತ್ತೊಂದು. ಮೊದಲನೆಯದರಿಂದ ಎರಡನೆಯದು ತಾನಾಗಿಯೇ ಸಿದ್ಧಿಸುವುದಿಲ್ಲ. ಚಿಕ್ಕಮಗಳೂರು, ಮೂಡಿಗೆರೆ ಮತ್ತು ಕಳಸದ ಬೆಟ್ಟಸೀಮೆಯಲ್ಲಿ ಈ ಭೇದವನ್ನು ಮರೆತರೆ ಆಗುವ ನಷ್ಟ ಕೇವಲ ರಸಿಕತೆಯ ನಷ್ಟವಲ್ಲ. ಯಾವ ಮರವನ್ನು ಉಳಿಸಬೇಕು, ಯಾವುದನ್ನು ನೆಡಬೇಕು, ಯಾವ ಇಳಿಜಾರನ್ನು ‘ಬರಿದು’ ಎಂದು ಕರೆಯಬೇಕು ಎಂಬ ನಿರ್ಣಯಗಳಲ್ಲಿಯೂ ಕಣ್ಣಿನ ಅಭ್ಯಾಸಕ್ಕೆ ಪಾಲುಂಟು. ಈ ಅಭ್ಯಾಸವು ಎಲ್ಲಿಂದ ಬಂದಿತು, ನಮ್ಮ ಬೆಟ್ಟಗಳಿಗೆ ಅದು ಎಷ್ಟರಮಟ್ಟಿಗೆ ಒಪ್ಪುತ್ತದೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಬೀಚ್ ವನದ ಮಾದರಿ

ಕಾಡನ್ನೇ ಪ್ರಧಾನ ವಸ್ತುವಾಗಿ ಚಿತ್ರಿಸುವ ಸಂಪ್ರದಾಯವು ಯೂರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬಲವಾಗಿ ಬೆಳೆಯಿತು. ಆ ಸಂಪ್ರದಾಯಕ್ಕೆ ಮೆಚ್ಚಿನ ಮರಗಳಲ್ಲಿ ಬೀಚ್ ಮುಖ್ಯವಾದುದು. ಇದು ಓಕ್ ಮರದ ಕುಟುಂಬಕ್ಕೆ ಸೇರಿದ, ಚಳಿಗಾಲದಲ್ಲಿ ಎಲೆಯುದುರಿಸುವ ಮರ. ಮೂವತ್ತು ಮೀಟರುಗಳಿಗೂ ಮೀರಿ ಬೆಳೆಯುತ್ತದೆ. ಇದರ ತೊಗಟೆ ತೆಳುವು, ನುಣುಪು, ಬೂದು ಬಣ್ಣ. ಇತರ ಅನೇಕ ಮರಗಳಂತೆ ವಯಸ್ಸಾದಂತೆ ಬಿರಿದು ಒರಟಾಗುವುದಿಲ್ಲ. ಇದರ ನೆತ್ತಿ ದಟ್ಟವಾಗಿ ಹರಡಿ ಬೆಳಕನ್ನು ತಡೆಯುವುದರಿಂದ ಕೆಳಗೆ ಪೊದೆಗಳು ಹೆಚ್ಚಾಗಿ ಬೆಳೆಯಲಾರವು. ಪರಿಣಾಮವಾಗಿ ಒಂದೇ ಜಾತಿಯ ಮರಗಳ ಕಾಂಡಗಳು ಕಂಬಗಳಂತೆ ನಿಂತು, ನೆಲದ ಮೇಲೆ ತರಗೆಲೆಯ ಹಾಸು ಬಿದ್ದು, ಕಾಡು ಒಂದು ವಿಶಾಲವಾದ ಕಂಬಸಾಲೆಯಂತೆ ತೋರುತ್ತದೆ. ವಸಂತದಲ್ಲಿ ತಿಳಿಹಸಿರು, ಶರತ್ಕಾಲದಲ್ಲಿ ತಾಮ್ರವರ್ಣ. ಚಿತ್ರಕಾರನಿಗೆ ಬೇಕಾದ ಲಯ, ಆಳ, ವರ್ಣಭೇದ ಮೂರೂ ಇಲ್ಲಿ ಸಿದ್ಧವಾಗಿಯೇ ದೊರೆಯುತ್ತವೆ.

ಆಸ್ಟ್ರಿಯದ ಗುಸ್ತಾವ್ ಕ್ಲಿಮ್ಟ್ ೧೯೦೨ರಲ್ಲಿ ರಚಿಸಿದ ‘ಬೀಚ್ ವನ’ವು ಇದಕ್ಕೆ ಉತ್ತಮ ನಿದರ್ಶನ. ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಚೌಕ ಚಿತ್ರಪಟ. ಈಗ ಡ್ರೆಸ್ಡೆನ್ ನಗರದ ಸಂಗ್ರಹದಲ್ಲಿದೆ. ಮರಗಳ ನೆತ್ತಿಯನ್ನು ಚೌಕಟ್ಟು ಕತ್ತರಿಸಿಬಿಟ್ಟಿದೆ. ದಿಗಂತವು ಬಹು ಮೇಲಕ್ಕೆ ಸರಿದಿದೆ. ಉಳಿದಿರುವುದು ನೇರವಾದ ಕಾಂಡಗಳ ಸಾಲು ಮತ್ತು ಉದುರಿದ ಎಲೆಗಳ ಕೆಂಬಣ್ಣದ ನೆಲ. ಕಾಡೆಂದರೆ ಲಂಬರೇಖೆಗಳ ಲಯ ಎಂಬ ಭಾವನೆಯನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ.

ಛಾಯಾಚಿತ್ರಣವೂ ಇದೇ ದಾರಿಯನ್ನು ಹಿಡಿದುದಕ್ಕೆ ತಾಂತ್ರಿಕ ಕಾರಣವಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಬಳಕೆಯಲ್ಲಿದ್ದ ಬೆಳ್ಳಿಲವಣದ ಲೇಪನಗಳು ಮುಖ್ಯವಾಗಿ ನೀಲಿ ಬೆಳಕಿಗೆ ಸ್ಪಂದಿಸುತ್ತಿದ್ದವು. ಹಸಿರು ಎಲೆ ಕಪ್ಪಾಗಿ ಮೂಡುತ್ತಿತ್ತು. ಬೆಳಕಿಗೆ ಒಡ್ಡುವ ಕಾಲವೂ ದೀರ್ಘವಾದುದರಿಂದ ಗಾಳಿಗೆ ಅಲುಗುವ ಎಲೆ ಮಸುಕಾಗುತ್ತಿತ್ತು. ಅಲುಗದೆ ನಿಲ್ಲುವ, ತಿಳಿಬೂದು ಬಣ್ಣದ ಕಾಂಡವು ಮಾತ್ರ ಸ್ಫುಟವಾಗಿ ದೊರೆಯುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲೆ ಗ್ರೇ ಎಂಬಾತನು ಪ್ಯಾರಿಸ್ ಸಮೀಪದ ಫಾಂಟೆನ್‌ಬ್ಲೋ ಅರಣ್ಯದ ಓಕ್ ಮತ್ತು ಬೀಚ್ ಮರಗಳ ನಡುವೆ ಇಂತಹ ಮಿತಿಗಳೊಳಗೇ ಉತ್ಕೃಷ್ಟವಾದ ಚಿತ್ರಗಳನ್ನು ತೆಗೆದನು.

ಅದೇ ಫಾಂಟೆನ್‌ಬ್ಲೋ ನಮಗೆ ಇನ್ನೊಂದು ಪಾಠವನ್ನು ಹೇಳುತ್ತದೆ. ಅಲ್ಲಿ ಚಿತ್ರ ಬರೆಯುತ್ತಿದ್ದ ತೆಯೊಡೋರ್ ರೂಸೊ ಮೊದಲಾದ ಕಲಾವಿದರು ಹಳೆಯ ಮರಗಳನ್ನು ಕಡಿಯಬಾರದೆಂದು ಸರಕಾರದೊಡನೆ ವಾದಿಸಿದರು. ೧೮೬೧ರಲ್ಲಿ ಹೊರಟ ಆಜ್ಞೆಯೊಂದರಿಂದ ಸುಮಾರು ೧,೧೦೦ ಹೆಕ್ಟೇರುಗಳಷ್ಟು ಅರಣ್ಯವು ‘ಕಲಾತ್ಮಕ’ ಭಾಗವೆಂದು ಕಡಿತದಿಂದ ಹೊರಗೆ ಉಳಿಯಿತು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ (೧೮೭೨) ಹನ್ನೊಂದು ವರ್ಷ ಮೊದಲಿನ ಮಾತಿದು. ಚಿತ್ರವು ಕಾಡನ್ನು ಉಳಿಸಬಲ್ಲುದು ಎಂಬುದಕ್ಕೆ ಇದು ಸಾಕ್ಷಿ. ಆದರೆ ಯಾವ ಕಾಡು ಚಿತ್ರಕ್ಕೆ ಒದಗಿತೋ ಆ ಕಾಡನ್ನು ಎಂಬುದನ್ನು ಗಮನಿಸಬೇಕು.

೨. ಬೆಟ್ಟದ ಮೂರು ದೃಶ್ಯಗಳು

ಈ ಮಾದರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಮ್ಮ ಸೀಮೆಗೆ ಬರೋಣ. ಪಶ್ಚಿಮ ಘಟ್ಟಗಳಲ್ಲಿ ಬೀಚ್ ಮರವು ಸಹಜವಾಗಿ ಬೆಳೆಯುವುದಿಲ್ಲ. ಆದರೆ ಮುಳ್ಳಯ್ಯನಗಿರಿಯಿಂದ ಕುದುರೆಮುಖದವರೆಗೆ ಸಾಗುವವನಿಗೆ ಮೂರು ಬಗೆಯ ವೃಕ್ಷದೃಶ್ಯಗಳು ಎದುರಾಗುತ್ತವೆ: ಎತ್ತರದ ಹುಲ್ಲುಗಾವಲು ಮತ್ತು ಶೋಲಾ, ಕಣಿವೆಯ ನಿತ್ಯಹರಿದ್ವರ್ಣದ ಕಾನು, ಇವೆರಡಕ್ಕೂ ಅಂಟಿಕೊಂಡಿರುವ ನೆರಳುಮರದ ಕಾಫಿ ತೋಟ.

ಸುಮಾರು ೧,೯೩೦ ಮೀಟರ್ ಎತ್ತರದ ಮುಳ್ಳಯ್ಯನಗಿರಿಯು ಕರ್ಣಾಟಕದ ಅತ್ಯುನ್ನತ ಶಿಖರ. ಬಾಬಾಬುಡನ್‌ಗಿರಿಯ ಸಾಲಿನಲ್ಲಿಯೂ ಕುದುರೆಮುಖದ ಸುತ್ತಲೂ ಬೆಟ್ಟದ ಮೈಯೆಲ್ಲ ಹುಲ್ಲು. ನೀರು ಜಿನುಗುವ ಮಡಿಕೆಗಳಲ್ಲಿ ಮಾತ್ರ ಮರಗಳ ಗುಂಪು. ಇವೇ ಶೋಲಾ ಕಾಡುಗಳು. ಇಲ್ಲಿಯ ಮರಗಳು ಗಾಳಿಯ ಹೊಡೆತಕ್ಕೆ ಕುಳ್ಳಾಗಿ, ಡೊಂಕಾಗಿ, ನೆತ್ತಿಗೆ ನೆತ್ತಿ ಹೆಣೆದುಕೊಂಡು ಬೆಳೆಯುತ್ತವೆ. ಕಾಂಡಗಳ ಮೇಲೆ ಹಾವಸೆ, ಕಲ್ಲುಹೂವು, ಸೀತಾಳೆ ಹೂವಿನ ಗಿಡಗಳು. ಒಳಗೆ ಮಬ್ಬು. ಕಂಬಸಾಲೆಯ ಅನುಭವಕ್ಕೆ ಇಲ್ಲಿ ಎಡೆಯಿಲ್ಲ.

ಕಣಿವೆಯ ಕಾನಿನಲ್ಲಿ ಮರಗಳು ಎತ್ತರವಾದರೂ ಅವು ನೂರಾರು ಜಾತಿಯವು. ಅಂತಸ್ತಿನ ಮೇಲೆ ಅಂತಸ್ತಾಗಿ, ಬಳ್ಳಿ ಬೆತ್ತಗಳಿಂದ ಬಿಗಿದು ನಿಂತಿರುವಂಥವು. ಇಲ್ಲಿ ಋತುವು ಎಲೆಯುದುರುವುದರಿಂದ ತಿಳಿಯದು, ಚಿಗುರಿನಿಂದ ತಿಳಿಯುತ್ತದೆ. ನಾಗಸಂಪಿಗೆಯ ಹಾಗೂ ನೇರಳೆಯ ಬಳಗದ ಅನೇಕ ಮರಗಳ ಚಿಗುರು ಕೆಂಪಾಗಿ ಮೂಡಿ ಬಳಿಕ ಹಸಿರಾಗುತ್ತದೆ. ಎಳೆಯ ಎಲೆಯಲ್ಲಿರುವ ಆಂಥೋಸಯನಿನ್ ಎಂಬ ವರ್ಣದ್ರವ್ಯವೇ ಇದಕ್ಕೆ ಕಾರಣ. ಬೀಚ್ ವನದ ಕೆಂಪು ಎಲೆಯ ಅವಸಾನದ ಕೆಂಪು. ಕಾನಿನ ಕೆಂಪು ಎಲೆಯ ಹುಟ್ಟಿನ ಕೆಂಪು.

ಕಾಫಿ ತೋಟದ ದೃಶ್ಯವೇ ಬೇರೆ. ಹಿಂದೆ ಕಾಡಿನ ಕೆಳಗಿನ ಪೊದೆಯನ್ನು ಸವರಿ, ದೊಡ್ಡ ಮರಗಳಲ್ಲಿ ಬೇಕಾದುವನ್ನು ಉಳಿಸಿಕೊಂಡು, ಆ ನೆರಳಿನಲ್ಲಿ ಗಿಡ ನೆಟ್ಟ ತೋಟಗಳು ಅನೇಕ. ಮೈಸೂರು ಸೀಮೆಯ ಪ್ಲಾಂಟರ್ ಆಗಿದ್ದ ರಾಬರ್ಟ್ ಎಲಿಯಟ್ ೧೮೯೪ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ನೆರಳುಮರಗಳ ಗುಣದೋಷಗಳನ್ನು ವಿಸ್ತಾರವಾಗಿ ಚರ್ಚಿಸಿದ್ದಾನೆ. ಅತ್ತಿ, ಬಸರಿ, ಗೋಣಿ, ಹಲಸು, ಹೆಬ್ಬಲಸು, ನಂದಿ, ಹೊನ್ನೆ, ಬೀಟೆ, ಮತ್ತಿ — ಇವು ಮೇಲಂತಸ್ತಿನ ನೆರಳು, ಹಾಲುವಾಣವು ಕೆಳನೆರಳು. ಮಳೆಗಾಲಕ್ಕೆ ಮುನ್ನ ಮರಗಸಿ ಮಾಡಿ ಕೊಂಬೆಗಳನ್ನು ಇಳಿಸುತ್ತಾರೆ. ಹೀಗೆ ಕಾಂಡಗಳ ನಡುವೆ ಅಂತರ, ಕೆಳಗೆ ಎದೆಯೆತ್ತರದ ಸಮನಾದ ಗಿಡ, ಮೇಲಿನಿಂದ ಸೋಸಿ ಬರುವ ಬೆಳಕು, ಎಲ್ಲವೂ ಕೂಡಿ ಬೀಚ್ ವನದ ಚಿತ್ರಕ್ಕೆ ಬಹು ಹತ್ತಿರವಾದ ಒಂದು ರಚನೆ ಏರ್ಪಡುತ್ತದೆ. ಹೂಮಳೆ ಬಿದ್ದ ಎಂಟು ಹತ್ತು ದಿನಗಳಲ್ಲಿ ಗಿಡವೆಲ್ಲ ಬೆಳ್ಳಗೆ ಅರಳಿದಾಗಲಂತೂ ಕ್ಯಾಮೆರಾಕ್ಕೆ ಬೇರೇನೂ ಬೇಕಾಗುವುದಿಲ್ಲ.

೩. ಹೋಲಿಕೆಯಿಂದ ಬಂದ ತೊಡಕು

ಇಲ್ಲಿಯೇ ತೊಡಕು ಹುಟ್ಟುವುದು. ಕಂಬಸಾಲೆಯ ರೂಪಕ್ಕೆ ಒಗ್ಗಿದ ಕಣ್ಣು ‘ಮಲೆನಾಡಿನ ಕಾಡು’ ಎಂದು ಆರಿಸಿಕೊಳ್ಳುವ ಚಿತ್ರ ಅನೇಕ ವೇಳೆ ಕಾಡಿನದಲ್ಲ, ತೋಟದ್ದು. ದಿನದರ್ಶಿಕೆಯ ಚಿತ್ರವಾಗಲಿ ಪ್ರವಾಸಿಯ ಚಿತ್ರವಾಗಲಿ, ಬಿಸಿಲಕೋಲು ಇಳಿಯುವ ನೇರ ಕಾಂಡಗಳ ಸಾಲನ್ನೇ ಬಯಸುತ್ತದೆ. ಈ ಬಯಕೆಯನ್ನು ಅತ್ಯಂತ ಸುಲಭವಾಗಿ ಪೂರೈಸುವ ಮರ ಅತ್ತಿಯೂ ಅಲ್ಲ, ಹಲಸೂ ಅಲ್ಲ, ಸಿಲ್ವರ್ ಓಕ್.

ಸಿಲ್ವರ್ ಓಕ್ ಹೆಸರಿಗೆ ಮಾತ್ರ ಓಕ್. ಓಕ್ ಮತ್ತು ಬೀಚ್‌ಗಳ ಕುಟುಂಬಕ್ಕೂ ಇದಕ್ಕೂ ಸಂಬಂಧವಿಲ್ಲ. ಪೂರ್ವ ಆಸ್ಟ್ರೇಲಿಯದಿಂದ ಬಂದ ಈ ಮರ ಬೇಗನೆ, ನೆಟ್ಟಗೆ ಬೆಳೆಯುತ್ತದೆ. ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ. ಮರದ ಮಾರಾಟದಿಂದ ಆದಾಯವೂ ಉಂಟು. ಬೀಟೆ, ಹೊನ್ನೆ, ಹಲಸುಗಳನ್ನು ಕಡಿಯಲು ಇರುವ ಕಾನೂನಿನ ನಿರ್ಬಂಧ ಇದಕ್ಕೆ ಇಲ್ಲದಿರುವುದೂ ಒಂದು ಆಕರ್ಷಣೆ. ಬೆಲೆ ಏರಿಳಿಯುವ ಬೆಳೆಯನ್ನು ನಂಬಿದ ತೋಟಗಾರನು ಇದನ್ನು ನೆಟ್ಟುದು ಅವಿವೇಕವೆಂದು ಯಾರೂ ಹೇಳಲಾರರು. ಆದರೆ ಇದರ ಪರಿಣಾಮವನ್ನು ಮರೆಮಾಚುವುದೂ ಸಲ್ಲದು. ಗೋಣಿ, ಬಸರಿಗಳ ಹಣ್ಣನ್ನು ನಂಬಿ ಬರುವ ಮಂಗಟ್ಟೆ, ಕುಟ್ರುಹಕ್ಕಿಗಳಿಗೆ ಸಿಲ್ವರ್ ಓಕ್ ಒದಗಿಸುವ ಹಣ್ಣು ಯಾವುದೂ ಇಲ್ಲ. ಹತ್ತಾರು ಜಾತಿಯ ನೆರಳು ಹೋಗಿ ಒಂದೇ ಜಾತಿಯ ನೆರಳು ಉಳಿದಾಗ ತೋಟವು ಕಾಡಿನಿಂದ ಮತ್ತಷ್ಟು ದೂರ ಸರಿಯುತ್ತದೆ. ವಿಚಿತ್ರವೆಂದರೆ ಅದೇ ಹೊತ್ತಿಗೆ ಚಿತ್ರದಲ್ಲಿ ಅದು ಬೀಚ್ ವನಕ್ಕೆ ಮತ್ತಷ್ಟು ಹತ್ತಿರವಾಗುತ್ತದೆ. ಚಿತ್ರದ ಚೆಲುವು ಹೆಚ್ಚುವುದೂ ಜೀವಸಂಪತ್ತು ಕುಗ್ಗುವುದೂ ಒಟ್ಟಿಗೆ ನಡೆಯಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಹುಲ್ಲುಗಾವಲಿನ ಪಾಡು ಇನ್ನೂ ಕಷ್ಟಕರವಾದುದು. ಮರವನ್ನೇ ಅರಸುವ ಕಣ್ಣಿಗೆ ಹುಲ್ಲಿನ ಬೆಟ್ಟ ಬರಿದಾಗಿ ತೋರುತ್ತದೆ. ನೀಲಗಿರಿ ಮತ್ತು ಪಳನಿ ಬೆಟ್ಟಗಳಲ್ಲಿ ಇಂತಹ ‘ಬರಿದು’ ಹುಲ್ಲುಗಾವಲುಗಳಲ್ಲಿಯೇ ನೀಲಗಿರಿ ಮರ, ವ್ಯಾಟಲ್, ಪೈನ್‌ಗಳನ್ನು ನೆಟ್ಟು, ವಿಸ್ತಾರವಾದ ಸಹಜ ಹುಲ್ಲುಭೂಮಿಯನ್ನು ಕಳೆದುಕೊಂಡುದು ಈಗ ಎಲ್ಲರೂ ಒಪ್ಪುವ ಸಂಗತಿ. ತುಂಗಾ, ಭದ್ರಾ, ನೇತ್ರಾವತಿಗಳು ಹುಟ್ಟುವ ಕುದುರೆಮುಖ ಸೀಮೆಯ ಶೋಲಾ–ಹುಲ್ಲುಗಾವಲು ಮಳೆಗಾಲದ ನೀರನ್ನು ಹೀರಿ ನಿಧಾನವಾಗಿ ಹೊಳೆಗಳಿಗೆ ಬಿಡುತ್ತದೆ. ಈ ಪ್ರದೇಶವು ೧೯೮೭ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಇಲ್ಲಿಯ ಕಬ್ಬಿಣದ ಅದಿರಿನ ಗಣಿಗಾರಿಕೆಯು ೨೦೦೫ರ ಕೊನೆಗೆ ನಿಂತಿತು. ೨೦೧೨ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟಗಳ ೩೯ ತಾಣಗಳಲ್ಲಿ ಕುದುರೆಮುಖವೂ ಒಂದು. ಯೂರೋಪಿನ ಪ್ರಾಚೀನ ಬೀಚ್ ವನಗಳು ೨೦೦೭ರಿಂದ ಇದೇ ಪಟ್ಟಿಯಲ್ಲಿವೆ. ಪಟ್ಟಿಯಲ್ಲಿ ಎರಡಕ್ಕೂ ಸ್ಥಾನ ದೊರೆತಿದ್ದರೂ ಚಿತ್ರಕಲೆಯ ಪರಂಪರೆಯಲ್ಲಿ ಬೀಚ್ ವನಕ್ಕಿರುವ ಬೆಂಬಲ ಶೋಲಾಕ್ಕೆ ಇಲ್ಲ.

೪. ನಮ್ಮಲ್ಲಿರುವ ಆಧಾರಗಳು

ಹಾಗಾದರೆ ಶೋಲಾವನ್ನೂ ಕಾನನ್ನೂ ಕಾಣಿಸುವ ಬಗೆ ಯಾವುದು? ಇದಕ್ಕೆ ನಾವು ಬರಿಗೈಯಲ್ಲಿ ತೊಡಗಬೇಕಾಗಿಲ್ಲ. ಕಾಫಿ ಬೆಟ್ಟಗಳ ಅಂಚಿನಲ್ಲಿಯೇ ಇರುವ ಬೇಲೂರಿನಲ್ಲಿ, ೧೧೧೭ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡಬಹುದು. ಅವರಲ್ಲಿ ಹಲವರು ನಿಂತಿರುವುದು ಬಳಪದ ಕಲ್ಲಿನಲ್ಲಿ ಬಿಡಿಸಿದ ಎಲೆಬಳ್ಳಿಗಳ ಚಪ್ಪರದ ಕೆಳಗೆ. ಅಲ್ಲಿ ಮರವು ದೂರದ ಕಂಬವಲ್ಲ. ತಲೆಯ ಮೇಲೆಯೇ ಬಾಗಿದ ಎಲೆ, ಹೂ, ಹಣ್ಣುಗಳ ನೆಯ್ಗೆ. ಮರವನ್ನು ಹತ್ತಿರದಿಂದ, ಅದರ ದಟ್ಟಣೆಯಲ್ಲಿ ನೋಡುವ ದೃಷ್ಟಿಯಿದು. ಕಾನಿನ ಒಳಗೆ ನಿಂತವನಿಗೆ ಒದಗುವುದೂ ಇದೇ ದೃಷ್ಟಿ.

ದೂರದ ದೃಶ್ಯಕ್ಕೆ ಮೈಸೂರಿನ ಕೆ. ವೆಂಕಟಪ್ಪನವರ (೧೮೮೬–೧೯೬೫) ಜಲವರ್ಣಗಳು ದಾರಿ ತೋರುತ್ತವೆ. ಊಟಿ ಮತ್ತು ಕೊಡೈಕನಾಲ್‌ಗಳಲ್ಲಿ ಅವರು ಬರೆದ ಚಿತ್ರಗಳಲ್ಲಿ ಮಂಜು, ಮೋಡ, ಹೊತ್ತಿನ ಬೆಳಕುಗಳೇ ಪ್ರಧಾನ. ಮಂಜು ವಿವರಗಳನ್ನು ಅಳಿಸುವುದಷ್ಟೇ ಅಲ್ಲ. ಹತ್ತಿರದ ಮಡಿಕೆಯನ್ನು ದೂರದ ಮಡಿಕೆಯಿಂದ ಬೇರ್ಪಡಿಸಿ ಬೆಟ್ಟಕ್ಕೆ ಆಳವನ್ನೂ ಕೊಡುತ್ತದೆ. ಬಿಸಿಲಿನಲ್ಲಿ ಕರಿಯ ತೇಪೆಯಂತೆ ತೋರುವ ಶೋಲಾ, ಮುಂಗಾರಿನ ಮಬ್ಬುಬೆಳಕಿನಲ್ಲಿ ನೆತ್ತಿ ನೆತ್ತಿಯಾಗಿ ಬಿಡಿಸಿಕೊಳ್ಳುವುದೂ ಈ ಕಾರಣದಿಂದಲೇ. ಇಂದಿನ ಕ್ಯಾಮೆರಾಗಳು ಮಂದವಾದ ಬೆಳಕಿನಲ್ಲಿಯೂ ಹಸಿರಿನ ಸೂಕ್ಷ್ಮಭೇದಗಳನ್ನು ಹಿಡಿಯಬಲ್ಲವು. ಲೆ ಗ್ರೇಯ ಕಾಲದ ತಾಂತ್ರಿಕ ನಿರ್ಬಂಧ ಹೋಗಿದೆ. ಅದು ಕಲಿಸಿದ ಅಭಿರುಚಿ ಮಾತ್ರ ಉಳಿದಿದೆ.

ಮೂರನೆಯ ಆಧಾರವು ಮೂಡಿಗೆರೆಯದೇ. ಅಲ್ಲಿ ತೋಟ ಮಾಡಿಕೊಂಡಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಲೇಖಕರಾಗಿದ್ದಂತೆಯೇ ಹಕ್ಕಿಗಳ ಛಾಯಾಚಿತ್ರಕಾರರೂ ಆಗಿದ್ದರು. ಹಕ್ಕಿಯ ಚಿತ್ರ ತೆಗೆಯುವವನಿಗೆ ಮರವು ಕೇವಲ ರೇಖೆಯಾಗಿ ಉಳಿಯುವುದಿಲ್ಲ. ಯಾವ ಮರದ ಹಣ್ಣಿಗೆ ಯಾವ ಹಕ್ಕಿ ಬರುವುದು, ಯಾವ ಪೊಟರೆಯಲ್ಲಿ ಗೂಡು ಕಟ್ಟುವುದು ಎಂಬುದನ್ನು ಅವನು ತಿಳಿಯಲೇಬೇಕು. ಚೆಲುವು ಮತ್ತು ಬದುಕು ಒಂದೇ ನೋಟದಲ್ಲಿ ಕೂಡುವ ಮಾರ್ಗವಿದು.

ಒಟ್ಟಿನಲ್ಲಿ ಹೇಳುವುದಾದರೆ, ಬೀಚ್ ವನದ ಚಿತ್ರಗಳು ಶ್ರೇಷ್ಠವಾದುವು. ಅವುಗಳಿಂದ ನಾವು ಕಲಿಯಬೇಕಾದುದು ಅವುಗಳ ರೂಪವನ್ನಲ್ಲ, ತಮ್ಮ ಕಾಡನ್ನು ಆ ಕಲಾವಿದರು ದೀರ್ಘಕಾಲ ನೋಡಿದ ಶ್ರದ್ಧೆಯನ್ನು. ಆ ಶ್ರದ್ಧೆಯಿಂದ ನೋಡಿದರೆ ಕಾನಿನ ಕೆಂಪು ಚಿಗುರು, ಶೋಲಾದ ಗಂಟುಗಂಟಾದ ಕೊಂಬೆ, ಹುಲ್ಲುಬೆಟ್ಟದ ತೆರವು ಇವೆಲ್ಲವೂ ಚಿತ್ರಾರ್ಹವೇ. ತೋಟದ ಚಿತ್ರದ ಕೆಳಗೆ ‘ತೋಟ’ವೆಂದೂ, ಕಾನಿನ ಚಿತ್ರದ ಕೆಳಗೆ ‘ಕಾನು’ ಎಂದೂ, ಮರದ ಹೆಸರಿನೊಡನೆ ಬರೆಯುವ ಸಣ್ಣ ರೂಢಿಯಿಂದಲೇ ಈ ಕೆಲಸವನ್ನು ತೊಡಗಬಹುದು. ಫಾಂಟೆನ್‌ಬ್ಲೋದ ಮರಗಳಿಗೆ ದೊರೆತ ರಕ್ಷಣೆಗೆ ಹಿಂದೆ ಚಿತ್ರಗಳಿದ್ದವು. ಕುದುರೆಮುಖದ ಹುಲ್ಲಿಗೂ ಮೂಡಿಗೆರೆಯ ಗೋಣಿಮರಕ್ಕೂ ಅಂತಹ ಚಿತ್ರಗಳು ಇನ್ನೂ ಹೆಚ್ಚಾಗಿ ಬೇಕಾಗಿವೆ.