ಪರದೇಶದಲ್ಲಿ ಮಗುವಿನ ಮೊದಲ ಶಾಲೆ

ಉದ್ಯೋಗನಿಮಿತ್ತವಾಗಿ ಪರದೇಶಕ್ಕೆ ತೆರಳುವ ತರುಣ ದಂಪತಿಗಳು ಇಂದು ನಮ್ಮ ಊರೂರುಗಳಲ್ಲಿಯೂ ಇದ್ದಾರೆ. ಮನೆ, ವೇತನ, ವಿಮೆ ಇವುಗಳ ಲೆಕ್ಕವನ್ನು ಅವರು ಹೊರಡುವ ಮೊದಲೇ ಹಾಕಿರುತ್ತಾರೆ. ಎರಡೂವರೆ-ಮೂರು ವರ್ಷದ ಕೂಸನ್ನು ಅಲ್ಲಿಯ ಶಿಶುವಿಹಾರಕ್ಕೆ ಸೇರಿಸುವ ವಿಚಾರ ಮಾತ್ರ ಕೊನೆಗೆ ಉಳಿಯುತ್ತದೆ. ಅಜ್ಜ-ಅಜ್ಜಿಯರ ತೊಡೆಯ ಮೇಲೆ ಬೆಳೆದ ಮಗು, ತನ್ನ ಮಾತು ಯಾರಿಗೂ ತಿಳಿಯದ ಕೋಣೆಯೊಂದರಲ್ಲಿ ಒಮ್ಮೆಲೇ ಒಂಟಿಯಾಗಿ ನಿಲ್ಲುವ ಪ್ರಸಂಗವದು. ಅರ್ಜಿ, ಶುಲ್ಕಗಳ ಆಚೆಗೂ ತಂದೆ-ತಾಯಿಯರು ಅರಿತಿರಬೇಕಾದ ಸಂಗತಿಗಳು ಇಲ್ಲಿವೆ. ಬೆಂಗಳೂರಿನ ಅನೇಕ ಕುಟುಂಬಗಳು ಹೋಗಿ ನೆಲೆಸಿರುವ ಜರ್ಮನಿಯನ್ನು ಉದಾಹರಣೆಯಾಗಿಟ್ಟುಕೊಂಡು ಅವುಗಳನ್ನು ವಿಚಾರಿಸೋಣ.

ಶಿಶುವಿಹಾರಕ್ಕೆ ಹೆಸರು ಕೊಟ್ಟ ನಾಡೇ ಜರ್ಮನಿ. ಫ್ರೀಡ್ರಿಕ್ ಫ್ರೋಬೆಲ್ ಅವರು (1782-1852) ಒಂದು ವರ್ಷ ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡವರು. ಥುರಿಂಗಿಯಾ ಪ್ರಾಂತದ ಬ್ಲಾಂಕೆನ್‌ಬುರ್ಗ್ ಎಂಬ ಸಣ್ಣ ಊರಿನಲ್ಲಿ ತಾವು ನಡೆಸುತ್ತಿದ್ದ ಸಂಸ್ಥೆಗೆ 1840ರಲ್ಲಿ ಅವರು ‘ಕಿಂಡರ್‌ಗಾರ್ಟನ್’, ಅಂದರೆ ‘ಮಕ್ಕಳ ತೋಟ’ ಎಂದು ಹೆಸರಿಟ್ಟರು. ಪ್ರಶ್ಯದ ಸರ್ಕಾರ 1851ರಲ್ಲಿ ಇಂಥ ಶಾಲೆಗಳನ್ನು ನಿಷೇಧಿಸಿದರೂ ಆ ಬೀಜ ಸಾಯಲಿಲ್ಲ. ಆಟವೇ ಎಳೆಯರ ಕಲಿಕೆ ಎಂಬ ಅವರ ತತ್ತ್ವ ಅಲ್ಲಿ ಇಂದಿಗೂ ಜೀವಂತವಾಗಿದೆ. ‘ಕಿಟಾ’ ಎಂದು ಕರೆಯಲಾಗುವ ಈಗಿನ ಶಿಶುವಿಹಾರಗಳಲ್ಲಿ ನಮ್ಮ ಎಲ್.ಕೆ.ಜಿ.ಯಂತೆ ಅಕ್ಷರ ತಿದ್ದಿಸುವುದಿಲ್ಲ. ಮಳೆ ಬಂದರೂ ಮಕ್ಕಳಿಗೆ ರಬ್ಬರ್ ಬೂಟು ತೊಡಿಸಿ ಅಂಗಳಕ್ಕೆ ಕರೆದೊಯ್ಯುತ್ತಾರೆ. ಇದನ್ನು ಕಂಡು ಮಗುವಿನ ವಿದ್ಯೆ ಹಿಂದೆ ಬಿದ್ದಿತೆಂದು ಕಳವಳಪಡುವ ಕಾರಣವಿಲ್ಲ. ಓದು-ಬರಹಕ್ಕೆ ಆರನೆಯ ವಯಸ್ಸಿನ ಸುಮಾರಿಗೆ ಶಾಲೆಯೇ ಇದೆ.

ಒಂದು ವರ್ಷ ತುಂಬಿದ ಮಗುವಿಗೆ ಪಾಲನಾ ಸ್ಥಾನ ಪಡೆಯುವ ಹಕ್ಕನ್ನು ಅಲ್ಲಿಯ ಕಾಯಿದೆ 2013ರ ಆಗಸ್ಟ್ 1ರಿಂದ ನೀಡಿದೆ. ಆದರೆ ಹಕ್ಕು ಇದ್ದ ಮಾತ್ರಕ್ಕೆ ಸ್ಥಾನ ಕೈಗೆ ಬರುವುದಿಲ್ಲ. ದೊಡ್ಡ ನಗರಗಳಲ್ಲಿ ಕಾಯುವವರ ಪಟ್ಟಿ ಉದ್ದವಾಗಿರುತ್ತದೆ. ಹೊಸ ವರ್ಷ ಸಾಮಾನ್ಯವಾಗಿ ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಆರಂಭವಾಗುತ್ತದೆ. ಮನೆ ಸೇರಿದ ಎರಡು ವಾರಗಳೊಳಗೆ ವಿಳಾಸವನ್ನು ನೋಂದಾಯಿಸಿ, ಕೂಡಲೇ ಹಲವು ಕಿಟಾಗಳಿಗೆ ಅರ್ಜಿ ಹಾಕಬೇಕು. ಬರ್ಲಿನ್, ಹ್ಯಾಂಬರ್ಗ್‌ಗಳಲ್ಲಿ ಮೊದಲು ಸರ್ಕಾರದಿಂದ ಕಿಟಾ ಚೀಟಿಯನ್ನು ಪಡೆಯಬೇಕಾಗುತ್ತದೆ. ‘ಸ್ಥಾನವಿಲ್ಲ’ ಎಂದು ಬರುವ ಉತ್ತರಗಳನ್ನು ಎಸೆಯದೆ ಕಾಪಾಡಿರಿ. ಸ್ಥಳೀಯ ಆಡಳಿತದ ಮಕ್ಕಳ ಕಲ್ಯಾಣ ಕಚೇರಿಯ ಮುಂದೆ ಹಕ್ಕು ಕೇಳುವಾಗ ಅವು ಸಾಕ್ಷಿಯಾಗುತ್ತವೆ. ಕೆಲವು ಮಕ್ಕಳನ್ನಷ್ಟೇ ತಮ್ಮ ಮನೆಯಲ್ಲಿ ನೋಡಿಕೊಳ್ಳುವ, ಅನುಮತಿ ಪಡೆದ ಪಾಲಕಿಯರೂ ಅಲ್ಲಿ ಇದ್ದಾರೆ. ಮೂರು ವರ್ಷದೊಳಗಿನ ಮಕ್ಕಳಿಗೆ ಅದೂ ಒಂದು ದಾರಿ.

2020ರ ಮಾರ್ಚ್ 1ರಿಂದ ದಡಾರದ ಲಸಿಕೆಯ ದಾಖಲೆ ಇಲ್ಲದ ಮಗುವನ್ನು ಕಿಟಾಗೆ ಸೇರಿಸಿಕೊಳ್ಳುವಂತಿಲ್ಲ. ಒಂದು ವರ್ಷ ತುಂಬಿದವರಿಗೆ ಒಂದು, ಎರಡು ವರ್ಷ ತುಂಬಿದವರಿಗೆ ಎರಡು ಲಸಿಕೆ ಆಗಿರಬೇಕು. ಆದ್ದರಿಂದ ತಾಯಿ ಕಾರ್ಡ್ ಅಥವಾ ಲಸಿಕೆಯ ಪುಸ್ತಕವನ್ನು ಊರಿನಲ್ಲಿ ಮರೆತುಬರಬಾರದು. ಮಗು ಶುದ್ಧ ಸಸ್ಯಾಹಾರಿ ಎಂಬುದನ್ನು ತಿಳಿಸುವಾಗ ಮೀನು, ಮೊಟ್ಟೆಗಳ ಹೆಸರನ್ನೂ ಬಿಡಿಸಿ ಹೇಳಬೇಕು. ಮಾಂಸ ಬಿಟ್ಟವರು ಮೀನು ತಿನ್ನಬಹುದೆಂದು ಭಾವಿಸುವವರು ಅಲ್ಲಿ ಉಂಟು. ಕೊರಳಿನ ಸರ, ದಾರಗಳು ಆಟದ ಸಲಕರಣೆಗೆ ಸಿಲುಕಿ ಪ್ರಾಣಾಪಾಯವಾದೀತೆಂದು ಸಾಮಾನ್ಯವಾಗಿ ಅವನ್ನು ಧರಿಸಿ ಬರಲು ಒಪ್ಪುವುದಿಲ್ಲ. ಮಗುವಿಗೆ ಶಿವದಾರ ಕಟ್ಟಿರುವವರು ಮನೆಯ ಹಿರಿಯರೊಡನೆ ಮೊದಲೇ ಸಮಾಲೋಚಿಸಿ, ಶಿಕ್ಷಕಿಯರೊಡನೆ ಮುಚ್ಚುಮರೆಯಿಲ್ಲದೆ ಮಾತನಾಡುವುದು ಲೇಸು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು. ಮಗುವನ್ನು ಬಾಗಿಲಲ್ಲಿ ಒಪ್ಪಿಸಿ ಮರಳುವ ಪದ್ಧತಿ ಅಲ್ಲಿ ಇಲ್ಲ. ಒಗ್ಗಿಸುವ ಕಾಲವೆಂದು ಕೆಲವು ವಾರಗಳನ್ನು ಮೀಸಲಿಡುತ್ತಾರೆ. ಬಹಳ ಕಡೆ ಅನುಸರಿಸುವ ‘ಬರ್ಲಿನ್ ಮಾದರಿ’ಯಲ್ಲಿ ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನೊಡನೆ ಅದೇ ಕೋಣೆಯಲ್ಲಿ ಸುಮಾರು ಒಂದು ಗಂಟೆ ಕುಳಿತಿರುತ್ತಾರೆ. ನಾಲ್ಕನೆಯ ದಿನ ಮಗುವಿಗೆ ಹೇಳಿ, ಸ್ವಲ್ಪ ಹೊತ್ತು ಹೊರಗೆ ಹೋಗುತ್ತಾರೆ. ಶಿಕ್ಷಕಿಯ ಸಾಂತ್ವನಕ್ಕೆ ಮಗು ಅಳು ನಿಲ್ಲಿಸಿತೇ ಎಂಬುದೇ ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ. ನಿಲ್ಲದಿದ್ದರೆ ತಾಯಿಯನ್ನು ಒಳಗೆ ಕರೆಯುತ್ತಾರೆ. ಜೊತೆಗೆ ಬರುವವರು ದಿನವೂ ಒಬ್ಬರೇ ಆಗಿರುವುದು ಒಳ್ಳೆಯದು. ಆದ್ದರಿಂದ ದಂಪತಿಗಳಿಬ್ಬರೂ ಒಂದೇ ವಾರದಲ್ಲಿ ಕೆಲಸಕ್ಕೆ ಹಾಜರಾಗುವ ಏರ್ಪಾಡು ಮಾಡಿಕೊಳ್ಳಬಾರದು.

ನಮ್ಮಲ್ಲಿ ಮಗುವಿನ ಕೈಗೆ ಆಟಿಕೆ ಕೊಟ್ಟು, ಗಮನ ಬೇರೆಡೆ ಸೆಳೆದು, ಹಿಂಬಾಗಿಲಿನಿಂದ ಮರೆಯಾಗುವುದು ರೂಢಿ. ಅಜ್ಜಿಯ ಮನೆಯಲ್ಲಿ ಅದು ನಡೆದೀತು. ಅಲ್ಲಿ ಮಿಕ್ಕ ಮುಖಗಳೆಲ್ಲ ಪರಿಚಿತ. ಪರದೇಶದಲ್ಲಿ ಮಗುವಿಗೆ ಪರಿಚಿತ ಮುಖಗಳು ಇರುವುದು ಎರಡೇ. ಅವುಗಳಲ್ಲಿ ಒಂದು ಹೇಳದೆ ಮರೆಯಾದರೆ, ಮರುದಿನ ಆ ಕೂಸು ಆಡಲಾರದು. ಬಾಗಿಲನ್ನೇ ನೋಡುತ್ತ ಕೂರುತ್ತದೆ.

ಭಾಷೆಯ ವಿಷಯದಲ್ಲಿಯೂ ಆತುರ ಸಲ್ಲದು. ಜರ್ಮನ್ ಬೇಗ ಬರಲೆಂದು ಮನೆಯಲ್ಲಿ ಕನ್ನಡವನ್ನು ನಿಲ್ಲಿಸುವ ಅಗತ್ಯವಿಲ್ಲ. ಆ ಭಾಷೆಯನ್ನು ಒಡನಾಡಿಗಳು ಕಲಿಸುತ್ತಾರೆ. ಕನ್ನಡವನ್ನು ಕಲಿಸಲು ಅಲ್ಲಿ ತಾಯಿ-ತಂದೆಯರಲ್ಲದೆ ಬೇರೆ ಯಾರಿದ್ದಾರೆ? ಕೆಲವು ತಿಂಗಳು ಮಗು ಶಾಲೆಯಲ್ಲಿ ಮೌನವಾಗಿದ್ದರೂ ಅದು ಕೇಳಿ ಗ್ರಹಿಸುವ ಕಾಲವಾಗಿರಬಹುದು. ಅಲ್ಲಿಯವರೆಗೆ ‘ನೀರು’, ‘ಹಸಿವು’, ‘ಉಚ್ಚೆ’, ‘ನಿದ್ದೆ’, ‘ಅವ್ವ’ ಎಂಬ ಪದಗಳನ್ನು ಅವರ ಲಿಪಿಯಲ್ಲಿ ಅರ್ಥಸಹಿತ ಬರೆದು ಶಿಕ್ಷಕಿಯ ಕೈಗೆ ಕೊಡಿರಿ. ‘ನೀರು’ ಎಂದು ಮಗು ಕೇಳಿದಾಗ ನೀರೇ ದೊರೆತರೆ, ಆ ಕೋಣೆಯ ಮೇಲೆ ಅದಕ್ಕೆ ನಂಬಿಕೆ ಹುಟ್ಟುತ್ತದೆ.

ಕನ್ನಡಿಗರು ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನುವುದಿಲ್ಲ; ‘ಹೋಗಿ ಬರುತ್ತೇನೆ’ ಎನ್ನುತ್ತಾರೆ. ಕಿಟಾದ ಬಾಗಿಲಲ್ಲಿ ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಆಡಬೇಕಾದ ಮಾತೂ ಅದೇ. ಮಗು ಅತ್ತರೂ ಆ ಮಾತನ್ನು ಆಡಿಯೇ ಹೊರಡಿರಿ. ಹೇಳಿದ ಹೊತ್ತಿಗೆ ತಪ್ಪದೆ ಬನ್ನಿರಿ.