ಖಾನಾವಳಿಯ ರೊಟ್ಟಿ ಊಟಕ್ಕೂ ಲೆಕ್ಕವಿದೆ

ಲಿಂಗಸುಗೂರಿನಿಂದ ಮಸ್ಕಿಯ ಮಾರ್ಗವಾಗಿ ಸಿಂಧನೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಚಿಕ್ಕದೊಂದು ಖಾನಾವಳಿಯಿದೆ. ನಾಲ್ಕೇ ಮೇಜುಗಳು, ಒಳಮನೆಯಿಂದ ರೊಟ್ಟಿ ಬಡಿಯುವ ಸದ್ದು. ಕಳೆದ ಚಳಿಗಾಲದಲ್ಲಿ ನಾವು ಅಲ್ಲಿ ಊಟಕ್ಕೆ ಕುಳಿತಾಗ, ಮಧುಮೇಹಕ್ಕಾಗಿ ನಮ್ಮಲ್ಲಿಗೆ ಬರುವ ರೈತರೊಬ್ಬರು ಎದುರಿಗೇ ಇದ್ದರು. ಅವರ ಕಾಲ್ಬೆರಳಿನ ಗಾಯ ಒಂದೂವರೆ ತಿಂಗಳಾದರೂ ಮಾಯ್ದಿರಲಿಲ್ಲ. ಐದನೆಯ ರೊಟ್ಟಿ ಮುರಿಯುತ್ತಿದ್ದ ಅವರು, “ಡಾಕ್ಟರ್ರ, ನೀವು ಹೇಳಿದಂಗ ಅನ್ನ ಕಡಿಮಿ ಮಾಡೀನ್ರಿ. ಜ್ವಾಳದ ರೊಟ್ಟಿಗೇನೂ ಲೆಕ್ಕ ಇಲ್ಲಲ್ರೀ?” ಎಂದರು. ಈ ಪ್ರಶ್ನೆ ಅವರೊಬ್ಬರದಲ್ಲ. ಅನೇಕ ಭಕ್ತರು ಇದನ್ನೇ ಕೇಳುವುದರಿಂದ ಈ ಸಂಚಿಕೆಯಲ್ಲಿ ಉತ್ತರಿಸುತ್ತಿದ್ದೇವೆ.

ಎರೆಭೂಮಿಯ ಹಿಂಗಾರಿ ಬಿಳಿಜೋಳ ನಮ್ಮ ಸೀಮೆಯ ಮೂಲ ಆಹಾರ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡು ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಭತ್ತದ ನಾಡಾಯಿತು. ಹೊಲ ಬದಲಾದಂತೆ ತಾಟೂ ಬದಲಾಯಿತು. ಹಬ್ಬಕ್ಕೆ ಮಾತ್ರ ಉಣ್ಣುತ್ತಿದ್ದ ಅನ್ನ ಎರಡು ಹೊತ್ತಿನ ಊಟವಾಯಿತು; ದುಡಿಮೆ ಮಾತ್ರ ಟ್ರ್ಯಾಕ್ಟರಿನ ಪಾಲಾಯಿತು.

ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿನಂಶವಿದ್ದರೆ, ಪಾಲಿಶ್ ಅಕ್ಕಿಯಲ್ಲಿ ಸುಮಾರು 3 ಗ್ರಾಂ ಮಾತ್ರ. ಆದ್ದರಿಂದ ರೊಟ್ಟಿ ನಿಧಾನವಾಗಿ ಪಚನವಾಗುತ್ತದೆ, ಬೇಗ ಹಸಿವಾಗದು. ಆದರೆ ಪಿಷ್ಟದ ಪ್ರಮಾಣ ಅಕ್ಕಿಗಿಂತ ತುಸು ಕಡಿಮೆಯಷ್ಟೇ. ಆ ಪಿಷ್ಟವೇ ರಕ್ತದಲ್ಲಿ ಸಕ್ಕರೆಯಾಗುತ್ತದೆ. ಐದು ರೊಟ್ಟಿ ಉಂಡು, ಮೇಲೆ ಅನ್ನ ಸಾರು ಹಾಕಿಸಿಕೊಂಡರೆ ಜೋಳದ ಗುಣ ಕೈಗೆ ಹತ್ತದು. ಚರಕ ಸಂಹಿತೆಯ ವಿಮಾನಸ್ಥಾನವು ಆಹಾರ ವಿಧಿಯ ಎಂಟು ಅಂಶಗಳಲ್ಲಿ ‘ರಾಶಿ’ಯನ್ನು, ಅಂದರೆ ಪ್ರಮಾಣವನ್ನು, ಎಣಿಸಿರುವುದು ಇದಕ್ಕಾಗಿಯೇ. ಹೊಟ್ಟೆಯ ಎರಡು ಪಾಲು ಗಟ್ಟಿ ಆಹಾರಕ್ಕೆ, ಒಂದು ಪಾಲು ದ್ರವಕ್ಕೆ, ಉಳಿದೊಂದು ಪಾಲು ವಾಯುವಿನ ಸಂಚಾರಕ್ಕೆ ಎಂಬುದು ವಾಗ್ಭಟಾಚಾರ್ಯರ ಮತ.

ಖಾನಾವಳಿಯ ತಾಟಿನಲ್ಲಿ ರೊಟ್ಟಿಯ ಸುತ್ತ ಇರುವುದೂ ಔಷಧಿಯೇ. ಜೋಳದ ಪ್ರೋಟೀನಿನಲ್ಲಿರುವ ಕೊರತೆಯನ್ನು ಹೆಸರುಕಾಳಿನ ಪಲ್ಯ ತುಂಬುತ್ತದೆ. ಹಸಿ ಮೆಂತ್ಯ ಸೊಪ್ಪು, ಸೌತೆಕಾಯಿ, ಉಳ್ಳಾಗಡ್ಡಿ ನಾರನ್ನು ಹೆಚ್ಚಿಸುತ್ತವೆ. ಜೋಳವು ರೂಕ್ಷ ಗುಣದ್ದಾದ್ದರಿಂದ ಹಿರಿಯರು ಬೆಣ್ಣೆ, ಗುರೆಳ್ಳು ಹಿಂಡಿ, ಮೊಸರು ಜೊತೆಗಿಟ್ಟರು. ಸ್ನೇಹವಿಲ್ಲದ ಒಣ ರೊಟ್ಟಿಯನ್ನೇ ಉಂಡರೆ ವಾತ ಕೆರಳಿ ಮಲಬದ್ಧತೆಯಾಗುವುದುಂಟು.

ಎಲ್ಲರಿಗೂ ಎಲ್ಲವೂ ಹಿತವಲ್ಲ. ರಕ್ತದೊತ್ತಡವಿರುವವರು ಹಿಂಡಿ, ಉಪ್ಪಿನಕಾಯಿಯನ್ನು ರುಚಿಗಷ್ಟೇ ನೆಂಚಿಕೊಳ್ಳಬೇಕು. ಆಮ್ಲಪಿತ್ತದವರು ಪುಂಡಿಪಲ್ಯವನ್ನೂ ಖಾರದ ಎಣ್ಣೆಗಾಯಿಯನ್ನೂ ಮಿತಗೊಳಿಸಬೇಕು. ಮೂತ್ರಪಿಂಡದ ತೊಂದರೆಯುಳ್ಳವರು ಕಾಳು, ಸೊಪ್ಪುಗಳ ಪ್ರಮಾಣವನ್ನು ತಮ್ಮ ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು. ರೊಟ್ಟಿ ಉಣ್ಣುತ್ತಿದ್ದೇವೆಂದು ಯಾರೂ ಸಕ್ಕರೆಯ ಮಾತ್ರೆಯನ್ನಾಗಲಿ ಇನ್ಸುಲಿನ್ನನ್ನಾಗಲಿ ತಾವಾಗಿಯೇ ಬಿಡಬಾರದು.

ಆ ರೈತರಿಗೆ ನಾವು ಹೇಳಿದ್ದು ಇಷ್ಟೇ: ಮೊದಲು ಹಸಿ ತರಕಾರಿ; ಬಳಿಕ ಎರಡು ರೊಟ್ಟಿ, ಅದಕ್ಕೆ ಸಾಕಷ್ಟು ಕಾಳುಪಲ್ಯ; ಕೊನೆಗೆ ಅನ್ನದ ಬದಲು ಒಂದು ಲೋಟ ನೀರುಮಜ್ಜಿಗೆ. ಗಾಯಕ್ಕೆ ಶಸ್ತ್ರವೈದ್ಯರಲ್ಲಿ ನಿತ್ಯ ಡ್ರೆಸ್ಸಿಂಗ್, ಮಾತ್ರೆ ಯಥಾಪ್ರಕಾರ. ಊಟವಾದ ಎರಡು ಗಂಟೆಗೆ 260 ಇದ್ದ ಅವರ ಸಕ್ಕರೆ ಆರು ವಾರಗಳಲ್ಲಿ 170ಕ್ಕೆ ಇಳಿಯಿತು. ಬೆರಳು ಉಳಿಯಿತು.

ಅಂದು ಕೈ ತೊಳೆದು ಹೊರಡುವಾಗ ಖಾನಾವಳಿಯ ತಾಯಿಯವರು, “ರೊಟ್ಟಿ ಬಡಿಯಾಕ ಮಂದಿ ಸಿಗವಲ್ರು, ಹುಡುಗ್ರು ಅನ್ನಾನೇ ಕೇಳ್ತಾರ. ಬರೇ ಅನ್ನ ಮಾಡಿಬಿಡೂಣು ಅನಸ್ತದ್ರಿ” ಎಂದರು. ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಮುರಿಯದಂತೆ ತೆಳ್ಳಗೆ ಬಡಿಯುವುದು ವರ್ಷಗಳ ಅಭ್ಯಾಸದ ವಿದ್ಯೆ. ಸಂತೆಗೆ, ಆಸ್ಪತ್ರೆಗೆ, ಕಚೇರಿಗೆಂದು ಈ ಊರುಗಳಿಗೆ ಹೋದಾಗ ಭಕ್ತರು ಇಂಥ ಖಾನಾವಳಿಯಲ್ಲಿ ಕುಳಿತು ಬಿಸಿ ರೊಟ್ಟಿಯನ್ನೇ ಕೇಳಿರಿ. ಎರಡನೆಯ ರೊಟ್ಟಿ ಮುಗಿದಾಗ, ಬಡಿಸುವವರು ಎಷ್ಟೇ ಒತ್ತಾಯಿಸಿದರೂ, ತಾಟಿನ ಮೇಲೆ ಕೈ ಅಡ್ಡ ಹಿಡಿಯಿರಿ.