ಮರವೇ ಹೇಳಿದ ವಯಸ್ಸು

ಮಧ್ಯಯುಗದ ಹಳ್ಳಿಯ ಚರ್ಚ್ ಎಂದರೆ ನಿಮಗೆ ಕಲ್ಲಿನ ಗೋಡೆಗಳೇ ನೆನಪಾಗಬಹುದು. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿರುವ ಗ್ರೀನ್‌ಸ್ಟೆಡ್ ಹಳ್ಳಿಯ ಸಂತ ಆಂಡ್ರ್ಯೂ ಚರ್ಚ್ ಹಾಗಲ್ಲ. ಜನರು ಕೂರುವ ಸಭಾಂಗಣದ ಗೋಡೆ ಓಕ್ ಮರದ್ದು. ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಉಬ್ಬಿದ ಮೈ ಹೊರಕ್ಕೆ, ಚಪ್ಪಟೆ ಮೈ ಒಳಕ್ಕೆ ಬರುವಂತೆ ಸಾಲಾಗಿ ನಿಲ್ಲಿಸಿದ್ದಾರೆ. ಪೂರ್ವ ತುದಿಯ ಇಟ್ಟಿಗೆಯ ಪೂಜಾಭಾಗ ಸುಮಾರು 1500ರಲ್ಲಿ ಸೇರಿದ್ದು.

ಈ ಮರದ ಗೋಡೆ ಕ್ರಿ.ಶ. 845ರದ್ದೆಂದು ಹಿಂದೆ ನಂಬಲಾಗಿತ್ತು. 1995ರಲ್ಲಿ ವಿಜ್ಞಾನಿಗಳು ಮತ್ತೆ ಪರಿಶೀಲಿಸಿದರು. ಹೇಗೆ ಗೊತ್ತೆ? ಓಕ್ ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ಹವೆ ಅನುಕೂಲವಾದರೆ ಉಂಗುರ ಅಗಲ, ಇಲ್ಲದಿದ್ದರೆ ಕಿರಿದು. ಈ ಏರಿಳಿತವನ್ನು ಕಾಲ ತಿಳಿದಿರುವ ಮರಗಳೊಡನೆ ಹೋಲಿಸಿದಾಗ, ಉಳಿದಿದ್ದ ಕಡೆಯ ಉಂಗುರ 1053ರದ್ದೆಂದು ತಿಳಿಯಿತು.

ಆದರೆ ಮರ ಕಡಿದ ವರ್ಷ ಅದಲ್ಲ. ಚೇಗಿನ ಹೊರಗಿನ ಮೆತ್ತನೆಯ ಭಾಗ ಉಳಿದಿರಲಿಲ್ಲ. ಅದರಲ್ಲಿ ಕನಿಷ್ಠ 10, ಗರಿಷ್ಠ 55 ಉಂಗುರಗಳು ಇದ್ದಿರಬೇಕೆಂದು ತಜ್ಞರು ಲೆಕ್ಕ ಹಾಕಿದರು. ನೀವೇ ಕೂಡಿಸಿ ನೋಡಿ: 1063ರಿಂದ 1108ರ ನಡುವೆ. ನಾರ್ಮನ್ನರು ಇಂಗ್ಲೆಂಡನ್ನು ಗೆದ್ದದ್ದು 1066ರಲ್ಲಿ. ಹಾಗಾದರೆ ಈ ಗೋಡೆ ಆ ಯುದ್ಧಕ್ಕೆ ಮೊದಲಿನದೋ, ನಂತರದ್ದೋ? ಉಂಗುರಗಳು ಅಷ್ಟು ಖಚಿತವಾಗಿ ಹೇಳುವುದಿಲ್ಲ.

ಚರ್ಚಿನ ವಯಸ್ಸು ಎರಡು ಶತಮಾನ ಇಳಿಯಿತು. ಆದರೂ ಯೂರೋಪಿನಲ್ಲಿ ಇಂದಿಗೂ ನಿಂತಿರುವ ಅತಿ ಹಳೆಯ ಮರದ ಕಟ್ಟಡಗಳಲ್ಲಿ ಅದೂ ಒಂದು. ಹಳೆಯ ಕಟ್ಟಡದ ಮುಂದಿನ ಫಲಕದಲ್ಲಿ ಇಸವಿ ಕಂಡಾಗ ಅದಕ್ಕೆ ಆಧಾರವೇನೆಂದು ನೀವೂ ಕೇಳಿ. ಕೇಳುವುದರಿಂದ ಕಟ್ಟಡದ ಗೌರವ ಕುಗ್ಗುವುದಿಲ್ಲ.